ನ್ಯಾಯದ ತಕ್ಕಡಿಯಲ್ಲಿ ಹೆಣ್ಣಿನ ಮನಸ್ಸು

ಬಹುಪತ್ನಿತ್ವದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಣಗಳು ತಕ್ಷಣ ಸಜ್ಜಾಗುತ್ತವೆ. ಒಂದು ಬಣಕ್ಕೆ ಅದು ಇಡೀ ಮುಸ್ಲಿಮ್ ಸಮುದಾಯವನ್ನು ಹೀಗಳೆಯಲು ಸಿಕ್ಕ ಅಸ್ತ್ರ. ಇನ್ನೊಂದು ಬಣಕ್ಕೆ ಅದು ಏನೇ ಆದರೂ ಬಿಟ್ಟುಕೊಡಬಾರದ ಕೋಟೆ. ಒಬ್ಬರು ಕಾನೂನಿನ ಮಾತಾಡುತ್ತಾರೆ, ಇನ್ನೊಬ್ಬರು ಅನುಮತಿಯ ಮಾತಾಡುತ್ತಾರೆ. ಈ ಗದ್ದಲದಲ್ಲಿ ಒಬ್ಬಳ ಮಾತು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಗಂಡ ಇನ್ನೊಂದು ಮನೆ ಮಾಡಿದ ರಾತ್ರಿ ಆಕೆಗೆ ನಿದ್ದೆ ಬಂತೇ ಎಂದು ಯಾರೂ ಕೇಳುವುದಿಲ್ಲ.

ನಮಗೆ ಪರಿಚಯದ ಒಬ್ಬ ಮಹಿಳೆಯಿದ್ದಾರೆ. ನಾಲ್ಕು ಮಕ್ಕಳ ತಾಯಿ. ಎರಡು ವರ್ಷ ಅವರು ತಲೆನೋವೆಂದು, ಎದೆ ಹಿಡಿದಂತಾಗುತ್ತದೆಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಸ್ಕ್ಯಾನಿಂಗ್ ಆಯಿತು, ಇಸಿಜಿ ಆಯಿತು, ರಕ್ತಪರೀಕ್ಷೆ ಆಯಿತು. ಎಲ್ಲ ವರದಿಗಳೂ ಸರಿಯಾಗಿಯೇ ಇದ್ದವು. ಯಾರೋ ಮಾಟವಿರಬಹುದೆಂದರು, ತಾಯತ ಕಟ್ಟಿಸಿದರು. ಕೊನೆಗೆ ಒಬ್ಬ ವೈದ್ಯೆ ಸ್ಟೆತಾಸ್ಕೋಪ್ ಬದಿಗಿಟ್ಟು, "ಮನೆಯಲ್ಲಿ ಎಲ್ಲ ಸರಿ ಇದೆಯಾ ಅಮ್ಮಾ?" ಎಂದು ಕೇಳಿದಾಗ ಆಕೆ ಮೊದಲ ಬಾರಿಗೆ ಅತ್ತರು. ಗಂಡ ಎರಡನೇ ಮದುವೆಯಾಗಿ ಎರಡೂವರೆ ವರ್ಷವಾಗಿತ್ತು. ಆತ ಕೆಟ್ಟವನಲ್ಲ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಮನೆ ಖರ್ಚಿಗೆ ತಪ್ಪದೆ ಕೊಡುತ್ತಾನೆ, ವಾರದಲ್ಲಿ ಮೂರು ದಿನ ಬರುತ್ತಾನೆ. "ನನಗೆ ಏನು ಕಡಿಮೆಯಾಗಿದೆ ಅಂತ ಯಾರಿಗೆ ಹೇಳಲಿ? ಅಕ್ಕಿ ಇದೆ, ಬಟ್ಟೆ ಇದೆ. ಅವರು ಮನೆಯಲ್ಲಿರುವ ದಿನವೂ ಫೋನು ರಿಂಗಾದರೆ ನನ್ನ ಕೈ ನಡುಗುತ್ತದೆ" ಎಂದು ಆಕೆ ಹೇಳಿದ್ದುಂಟು.

ನಮ್ಮ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಅಕ್ಕಿ, ಬಟ್ಟೆ, ದಿನಗಳನ್ನು ಸಮನಾಗಿ ಹಂಚಿದ ಮೇಲೂ ಈ ಹೆಣ್ಣಿಗೆ ಅನ್ಯಾಯವಾಗಿದೆಯೇ? ಮನಸ್ಸಿಗೆ ಬಿದ್ದ ಪೆಟ್ಟು ನ್ಯಾಯದ ಲೆಕ್ಕಕ್ಕೆ ಬರುತ್ತದೆಯೇ, ಇಲ್ಲವೇ?

ಅಂಕಿಗಳು ಹೇಳುವುದು, ಹೇಳದಿರುವುದು

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಭಾರತದಲ್ಲಿ ಬಹುಪತ್ನಿತ್ವ ಎಂದೊಡನೆ ಮುಸ್ಲಿಮರತ್ತ ಬೊಟ್ಟು ಮಾಡುವುದು ರೂಢಿಯಾಗಿದೆ. ಆದರೆ 1961ರ ಜನಗಣತಿಯನ್ನು ಆಧರಿಸಿದ ಲೆಕ್ಕಾಚಾರದಲ್ಲಿ ಈ ಪದ್ಧತಿ ಆದಿವಾಸಿಗಳಲ್ಲಿ ಅತಿ ಹೆಚ್ಚು, ಅಂದರೆ ಶೇ. 15ರಷ್ಟು ಇತ್ತು. ಹಿಂದೂಗಳಲ್ಲಿ ಶೇ. 5.8, ಮುಸ್ಲಿಮರಲ್ಲಿ ಶೇ. 5.7 ಇತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಗೆ ಬೇರೆ ಹೆಂಡತಿಯೂ ಇದ್ದಾಳೆಂದು ಹೇಳಿದ ವಿವಾಹಿತ ಮಹಿಳೆಯರು ಒಟ್ಟು ಶೇ. 1.4. ಹಿಂದೂಗಳಲ್ಲಿ ಶೇ. 1.3, ಮುಸ್ಲಿಮರಲ್ಲಿ ಶೇ. 1.9, ಕ್ರೈಸ್ತರಲ್ಲಿ ಶೇ. 2.1, ಪರಿಶಿಷ್ಟ ಪಂಗಡಗಳಲ್ಲಿ ಶೇ. 2.4. 2005-06ರ ಸಮೀಕ್ಷೆಗೆ ಹೋಲಿಸಿದರೆ ಪ್ರಮಾಣ ಇಳಿದಿದೆ. ಆಗ ಒಟ್ಟು ಶೇ. 1.9 ಇದ್ದುದು ಈಗ ಶೇ. 1.4 ಆಗಿದೆ.

ಅಂದರೆ ಇದು ಒಂದು ಧರ್ಮದ ಮನೆಗಷ್ಟೇ ಸೇರಿದ ಪ್ರಶ್ನೆಯಲ್ಲ. ಹಿಂದೂ ವಿವಾಹ ಕಾಯ್ದೆ 1955ರಲ್ಲೇ ಎರಡನೇ ಮದುವೆಯನ್ನು ನಿಷೇಧಿಸಿತು. ಆದರೂ ನಮ್ಮ ಊರುಗಳಲ್ಲಿ 'ಇಟ್ಟುಕೊಂಡವಳು' ಎಂಬ ಪದ ಸತ್ತಿಲ್ಲ. ಆ ಪದದೊಳಗೆ ಅಡಗಿರುವ ಹೆಣ್ಣಿಗೆ ಹೆಂಡತಿ ಎಂಬ ಹೆಸರೂ ಇಲ್ಲ, ಹಕ್ಕೂ ಇಲ್ಲ. ಹೊರಗಿನವರ ಬೆರಳು ನಮ್ಮತ್ತ ತಿರುಗಿದಾಗ ಈ ಮಾತನ್ನು ಹೇಳಲೇಬೇಕು.

ಆದರೆ ಇಷ್ಟು ಹೇಳಿ ಸುಮ್ಮನಾದರೆ ನಾವೂ ತಪ್ಪಿಸಿಕೊಂಡಂತೆಯೇ. 'ನಮ್ಮಲ್ಲಿ ಕಡಿಮೆ, ಅವರಲ್ಲೂ ಇದೆ' ಎಂಬುದು ಆರೋಪಕ್ಕೆ ಉತ್ತರವಾದೀತು, ನೋವಿಗೆ ಉತ್ತರವಾಗಲಾರದು. ನೂರರಲ್ಲಿ ಇಬ್ಬರಿಗೂ ಕಡಿಮೆ ಎಂದು ನಾವು ಲೆಕ್ಕ ಹೇಳುತ್ತೇವೆ. ಆ ಇಬ್ಬರಿಗೆ ಇರುವುದೂ ಒಂದೇ ಬದುಕು.

ಇನ್ನೊಂದು ಸಂಗತಿಯಿದೆ, ಅದು ಯಾವ ಸಮೀಕ್ಷೆಗೂ ಸಿಗುವುದಿಲ್ಲ. ಎರಡನೇ ಮದುವೆ ನಡೆಯದ ಎಷ್ಟೋ ಮನೆಗಳಲ್ಲಿ ಅದರ ಬೆದರಿಕೆ ನಡೆಯುತ್ತಿರುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ, ಮೂರನೆಯದೂ ಹೆಣ್ಣಾದರೆ, ತವರಿಗೆ ಹೋದವಳು ಎರಡು ದಿನ ಹೆಚ್ಚು ನಿಂತರೆ, "ನನಗೆ ಇನ್ನೊಂದು ಮದುವೆಯಾಗಲು ಗೊತ್ತಿಲ್ಲವೇ?" ಎಂಬ ಮಾತು ಬರುತ್ತದೆ. ಅನೇಕರು ಅದನ್ನು ತಮಾಷೆಗೆಂದೇ ಹೇಳುತ್ತಾರೆ. ಕೇಳಿಸಿಕೊಳ್ಳುವವಳಿಗೆ ಅದು ತಮಾಷೆಯಾಗುವುದಿಲ್ಲ. ನೆತ್ತಿಯ ಮೇಲೆ ತೂಗುವ ಕತ್ತಿಯ ಕೆಳಗೆ ಕುಳಿತು ರೊಟ್ಟಿ ತಟ್ಟುವವಳ ಮನಸ್ಸು ಹೇಗಿರುತ್ತದೆಂದು ಹೇಳಿದವನು ಯೋಚಿಸಿರುವುದಿಲ್ಲ.

ಅಧ್ಯಯನಗಳ ಬೆಳಕಿನಲ್ಲಿ

ಈ ನೋವು ಕೇವಲ ಕಥೆಗಾರರ ಕಲ್ಪನೆಯಲ್ಲ. ಇಸ್ರೇಲಿನ ನೆಗೆವ್ ಮರುಭೂಮಿಯ ಬೆಡೂಯಿನ್ ಅರಬರ ನಡುವೆ ಅಲಿಯಾನ್ ಅಲ್ ಕ್ರೆನಾವಿ ಎಂಬ ಸಮಾಜಕಾರ್ಯ ವಿದ್ವಾಂಸರು ವರ್ಷಗಟ್ಟಲೆ ಅಧ್ಯಯನ ನಡೆಸಿದ್ದಾರೆ. ಅವರು ಹೊರಗಿನಿಂದ ಬಂದು ತೀರ್ಪು ಕೊಟ್ಟವರಲ್ಲ, ಅದೇ ಸಮುದಾಯದವರು. ಮನೋರೋಗ ಚಿಕಿತ್ಸಾಲಯಕ್ಕೆ ಬಂದ ಸ್ತ್ರೀಯರ ಕುರಿತು ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಆನಂತರದ ಅಧ್ಯಯನಗಳಲ್ಲೂ ಒಂದೇ ಚಿತ್ರ ಮತ್ತೆ ಮತ್ತೆ ಕಾಣುತ್ತದೆ. ಸವತಿಯಿರುವ ಸ್ತ್ರೀಯರಲ್ಲಿ ಖಿನ್ನತೆ, ಆತಂಕ, ತನ್ನ ಬಗ್ಗೆಯೇ ಕೀಳರಿಮೆ ಹೆಚ್ಚು. ಕಾರಣ ತಿಳಿಯದ ಮೈಕೈ ನೋವು ಹೆಚ್ಚು. ದಾಂಪತ್ಯದ ತೃಪ್ತಿ ಕಡಿಮೆ. ಅವರಲ್ಲೂ ಮೊದಲ ಹೆಂಡತಿಯ ಸ್ಥಿತಿ ಹೆಚ್ಚು ಶೋಚನೀಯ. ಟರ್ಕಿಯ ಆಗ್ನೇಯ ಭಾಗದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೂ ಹಿರಿಯ ಹೆಂಡತಿಯರ ಸಂಕಟವನ್ನೇ ಎತ್ತಿ ತೋರಿಸಿತು. ಬೇರೆ ಬೇರೆ ದೇಶಗಳ ಇಂತಹ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು 2013ರಲ್ಲಿ ನಡೆಸಿದ ಒಂದು ಪರಾಮರ್ಶೆಯೂ ಇದೇ ದಿಕ್ಕನ್ನು ತೋರಿಸಿತು. ಜೊತೆಗೆ ಈ ಅಧ್ಯಯನಗಳಲ್ಲಿ ಅನೇಕವು ಗುಣಮಟ್ಟದಲ್ಲಿ ಅಷ್ಟೇನೂ ಬಲವಾದವಲ್ಲ ಎಂದೂ ಪ್ರಾಮಾಣಿಕವಾಗಿ ಹೇಳಿತು.

ನಾವೂ ಅಷ್ಟೇ ಪ್ರಾಮಾಣಿಕರಾಗಬೇಕು. ಬಡತನ, ಅನಕ್ಷರತೆ, ಚಿಕ್ಕ ವಯಸ್ಸಿನ ಮದುವೆ ಇವೆಲ್ಲ ಸವತಿತನದ ಜೊತೆಜೊತೆಗೇ ಬರುತ್ತವೆ. ಯಾವುದು ಎಷ್ಟು ನೋವು ಕೊಟ್ಟಿತೆಂದು ಬೇರ್ಪಡಿಸಿ ತೂಗುವುದು ಸುಲಭವಲ್ಲ. ಎಲ್ಲ ಸವತಿಯರೂ ಖಿನ್ನರೆಂದು ಹೇಳುವುದೂ ಸುಳ್ಳಾದೀತು. ಪರಸ್ಪರ ಮಕ್ಕಳನ್ನು ಸಾಕಿಕೊಂಡು, ಕೆಲಸ ಹಂಚಿಕೊಂಡು, ಅಕ್ಕತಂಗಿಯರಂತೆ ಬಾಳಿದವರು ಇದ್ದಾರೆ. ಅಂತಹ ಕುಟುಂಬಗಳನ್ನೂ ಅಲ್ ಕ್ರೆನಾವಿ ಮತ್ತು ಅವರ ಸಹೋದ್ಯೋಗಿ ಹುಡುಕಿ ಮಾತನಾಡಿಸಿದ್ದಾರೆ. ಗಂಡ ಎಲ್ಲವನ್ನೂ ಸಮನಾಗಿ ಹಂಚುವ, ಮನೆಗಳು ಬೇರೆ ಬೇರೆ ಇರುವ, ಹಿರಿಯಳ ಗೌರವಕ್ಕೆ ಕುಂದು ಬಾರದ ಮನೆಗಳವು. ಅಲ್ಲಿ ಜಗಳ ಕಡಿಮೆ. ಆದರೆ ಅಲ್ಲಿಯೂ ಹೆಂಗಸರು ತಮ್ಮ ನೋವನ್ನು ಮುಚ್ಚಿಡಲಿಲ್ಲ. ಒಳ್ಳೆಯ ಗಂಡನಿಂದ ಸವತಿತನದ ಗಾಯ ಕಡಿಮೆಯಾಗಬಹುದು, ಗಾಯವೇ ಆಗದಿರುವುದು ಅಪರೂಪ.

ದೇಹ ಯಾಕೆ ಮಾತಾಡುತ್ತದೆಂಬುದನ್ನೂ ಇಲ್ಲಿ ಗಮನಿಸಬೇಕು. ಬಾಯಿ ಬಿಟ್ಟು ಹೇಳಲು ಅವಕಾಶವಿಲ್ಲದ ದುಃಖ ತಲೆನೋವಾಗಿ, ಎದೆನೋವಾಗಿ, ಸುಸ್ತಾಗಿ ಹೊರಬರುತ್ತದೆ ಎಂಬುದು ಮನೋವೈದ್ಯರಿಗೆ ಹೊಸ ವಿಷಯವಲ್ಲ. 'ನನ್ನ ಗಂಡ ಇನ್ನೊಬ್ಬಳನ್ನು ಮದುವೆಯಾದ, ನನಗೆ ಬದುಕಲು ಮನಸ್ಸಿಲ್ಲ' ಎಂದು ಹೇಳಿದರೆ ಹೆಣ್ಣನ್ನು ಹೊಟ್ಟೆಕಿಚ್ಚಿನವಳೆನ್ನುತ್ತಾರೆ, ಈಮಾನ್ ಕಡಿಮೆಯೆನ್ನುತ್ತಾರೆ. 'ತಲೆ ನೋಯುತ್ತಿದೆ' ಎಂದರೆ ಕನಿಷ್ಠ ಒಂದು ಮಾತ್ರೆಯಾದರೂ ಸಿಗುತ್ತದೆ.

ಅನುಮತಿಯ ಬೇರು

ಈಗ ನಮ್ಮ ಮನೆಯೊಳಗಿನ ಪ್ರಶ್ನೆಗೆ ಬರೋಣ. ಕುರ್‌ಆನ್ ಇದನ್ನು ಅನುಮತಿಸಿದೆಯಲ್ಲ, ಮತ್ತೇನು ಪ್ರಶ್ನೆ ಎಂದು ಕೇಳುವವರಿದ್ದಾರೆ.

ಅನುಮತಿಸಿದೆ, ನಿಜ. ಆದರೆ ಯಾವಾಗ, ಯಾವ ಷರತ್ತಿನ ಮೇಲೆ? ಇಸ್ಲಾಮ್ ಬಂದಾಗ ಅರಬರಲ್ಲಿ ಹೆಂಡಿರ ಸಂಖ್ಯೆಗೆ ಮಿತಿಯೇ ಇರಲಿಲ್ಲ. ಹತ್ತು ಹೆಂಡಿರಿದ್ದ ಗೈಲಾನ್ ಎಂಬವರು ಮುಸ್ಲಿಮರಾದಾಗ ನಾಲ್ವರನ್ನು ಮಾತ್ರ ಉಳಿಸಿಕೊಳ್ಳುವಂತೆ ಪ್ರವಾದಿ(ಸ)ಯವರು ಸೂಚಿಸಿದ್ದು ಹದೀಸ್‌ಗಳಲ್ಲಿದೆ. ಅಂದರೆ ಈ ನಿಯಮ ಬಾಗಿಲು ತೆರೆದದ್ದಲ್ಲ, ತೆರೆದೇ ಇದ್ದ ಬಾಗಿಲನ್ನು ಬಹುಪಾಲು ಮುಚ್ಚಿದ್ದು. ನಿಸಾ ಅಧ್ಯಾಯದ ಮೂರನೇ ವಚನ ಆರಂಭವಾಗುವುದೇ ಅನಾಥರ ಹಕ್ಕಿನ ಮಾತಿನಿಂದ. ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಸುಮಾರು 70 ಮಂದಿ ಹುತಾತ್ಮರಾಗಿ, ಪುಟ್ಟ ಮದೀನಾದಲ್ಲಿ ವಿಧವೆಯರೂ ಅನಾಥರೂ ಆಸರೆಗೆ ಕಾದಿದ್ದ ಹಿನ್ನೆಲೆಯನ್ನು ವ್ಯಾಖ್ಯಾನಕಾರರು ಸ್ಮರಿಸುತ್ತಾರೆ. ಅನಾಥ ಹುಡುಗಿಯರ ಸೊತ್ತಿನ ಆಸೆಗೆ, ಸರಿಯಾದ ಮಹ್ರ್ ಕೊಡದೆ, ಪಾಲಕರೇ ಅವರನ್ನು ಮದುವೆಯಾಗುತ್ತಿದ್ದುದನ್ನು ತಡೆಯಲು ಈ ವಚನ ಬಂತೆಂದು ಹಝ್ರತ್ ಆಯಿಶಾ(ರ) ವಿವರಿಸಿದ್ದಾರೆ. ಎರಡು ವಿವರಣೆಗಳಲ್ಲೂ ಕೇಂದ್ರದಲ್ಲಿರುವುದು ಅಸಹಾಯಕರ ರಕ್ಷಣೆ. ಗಂಡಸಿನ ಬಯಕೆ ಎರಡರಲ್ಲೂ ಕಾರಣವಾಗಿ ಬರುವುದಿಲ್ಲ. ಅದೇ ವಚನದಲ್ಲಿ, ನ್ಯಾಯ ಪಾಲಿಸಲಾರೆನೆಂಬ ಭಯವಿದ್ದರೆ ಒಬ್ಬಳೇ ಸಾಕು ಎಂಬ ಸೂಚನೆಯೂ ಇದೆ. ಭಯವಿದ್ದರೆ ಸಾಕು, ಅನ್ಯಾಯ ನಡೆದೇ ಬಿಡಬೇಕೆಂದಿಲ್ಲ.

ಅದೇ ಅಧ್ಯಾಯದ 129ನೇ ವಚನ ಇನ್ನೂ ಮುಂದೆ ಹೋಗುತ್ತದೆ. ಎಷ್ಟೇ ಆಸೆಪಟ್ಟರೂ ಪತ್ನಿಯರ ನಡುವೆ ಸಂಪೂರ್ಣ ನ್ಯಾಯ ನಿಮ್ಮಿಂದಾಗದು ಎಂದು ಅದು ಗಂಡಸರಿಗೆ ನೇರವಾಗಿ ತಿಳಿಸುತ್ತದೆ. ಒಬ್ಬಳ ಕಡೆಗೇ ಪೂರ್ತಿ ವಾಲಿ ಇನ್ನೊಬ್ಬಳನ್ನು ನೇತಾಡುವಂತೆ ಬಿಡಬೇಡಿ ಎಂದು ಎಚ್ಚರಿಸುತ್ತದೆ. ಅತ್ತ ಹೆಂಡತಿಯೂ ಅಲ್ಲದ, ಇತ್ತ ಬಿಡುಗಡೆಯಾದವಳೂ ಅಲ್ಲದ ಸ್ಥಿತಿ ಅದು. ನಮ್ಮ ಪರಿಚಯದ ಆ ಮಹಿಳೆ ಫೋನಿನ ಸದ್ದಿಗೆ ನಡುಗುವಾಗ ಇರುವುದು ಇಂತಹುದೇ ಒಂದು ತೂಗಾಟದಲ್ಲಿ.

ನ್ಯಾಯ ಎಂದರೆ ಯಾವುದರ ನ್ಯಾಯ?

ಈ ಎರಡು ವಚನಗಳನ್ನು ಒಟ್ಟಿಗೆ ಹೇಗೆ ಓದಬೇಕೆಂಬುದು ಹಳೆಯ ಚರ್ಚೆ. ಹಿಂದಿನ ಫಿಕ್ಹ್ ವಿದ್ವಾಂಸರಲ್ಲಿ ಬಹುಪಾಲು ಜನ ಹೀಗೆ ಬಿಡಿಸಿದರು: ಮೂರನೇ ವಚನ ಬೇಡುವ ನ್ಯಾಯ ಊಟ, ಬಟ್ಟೆ, ವಸತಿ ಮತ್ತು ರಾತ್ರಿಗಳ ಹಂಚಿಕೆಯದು, ಅದು ಸಾಧ್ಯ. 129ನೇ ವಚನ ಅಸಾಧ್ಯವೆನ್ನುವುದು ಹೃದಯದ ಒಲವಿನ ಸಮಾನತೆ, ಅದಕ್ಕೆ ಮನುಷ್ಯ ಹೊಣೆಯಲ್ಲ. ಇನ್ನೊಂದು ಓದು ಹತ್ತೊಂಬತ್ತನೇ ಶತಮಾನದ ಕೊನೆಗೆ ಈಜಿಪ್ಟಿನ ಮುಹಮ್ಮದ್ ಅಬ್ದುಹ್ ಅವರಿಂದ ಬಲ ಪಡೆಯಿತು. ಷರತ್ತನ್ನು ಪೂರೈಸುವುದು ಇಷ್ಟು ಕಷ್ಟವಾಗಿರುವಾಗ, ಅದರ ದುರ್ಬಳಕೆಯಿಂದ ಕುಟುಂಬಗಳು ಒಡೆಯುತ್ತಿರುವಾಗ, ಅನುಮತಿಯನ್ನು ಬಿಗಿಗೊಳಿಸುವುದೇ ಶರೀಅತ್‌ನ ಆಶಯಕ್ಕೆ ಹತ್ತಿರ ಎಂಬುದು ಆ ಓದು. ಟ್ಯುನೀಷಿಯಾ 1956ರಲ್ಲಿ ಬಹುಪತ್ನಿತ್ವವನ್ನು ನಿಷೇಧಿಸಿದಾಗ ಇದೇ ಎರಡು ವಚನಗಳನ್ನು ಮುಂದಿಟ್ಟು ವಾದಿಸಲಾಯಿತು.

ನಾವು ಮುಫ್ತಿಗಳಲ್ಲ, ಇಲ್ಲಿ ಫತ್ವಾ ಕೊಡಲು ಕುಳಿತಿಲ್ಲ. ಮೊದಲ ಓದನ್ನೇ ಒಪ್ಪಿಕೊಳ್ಳೋಣ. ಒಲವು ಗಂಡಸಿನ ಕೈಯಲ್ಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಲವು ಕೈಯಲ್ಲಿಲ್ಲವೆಂದು ಮೊದಲೇ ಗೊತ್ತಿದ್ದವನು, ಆ ಒಲವನ್ನೇ ನಂಬಿ ಬದುಕುತ್ತಿರುವ ಹೆಣ್ಣಿನ ಮುಂದೆ ಎರಡನೇ ನಿಕಾಹ್ ಮಾಡಿಕೊಳ್ಳುವಾಗ, ಆಗುವ ಹಾನಿಗೆ ಹೊಣೆಯಲ್ಲವೇ? ಹೃದಯ ಎತ್ತ ವಾಲೀತೆಂಬುದು ಅವನ ಆಯ್ಕೆಯಲ್ಲದಿರಬಹುದು. ಮದುವೆ ಮಾತ್ರ ಅವನ ಆಯ್ಕೆಯೇ.

ಇಲ್ಲಿ ಮೂರು ಮಾತುಗಳನ್ನು ಬೇರೆ ಬೇರೆ ಇಡಬೇಕು: ಆದೇಶ, ಅನುಮತಿ, ಆದರ್ಶ. ನಮಾಝ್ ಆದೇಶ. ಬಹುಪತ್ನಿತ್ವ ಆದೇಶವಲ್ಲ, ಅನುಮತಿ. ಆದೇಶವನ್ನು ಪಾಲಿಸಿದವನನ್ನು ಯಾಕೆ ಪಾಲಿಸಿದೆ ಎಂದು ಯಾರೂ ಕೇಳಲಾರರು. ಅನುಮತಿಯನ್ನು ಬಳಸಿದವನನ್ನು ಮಾತ್ರ ಯಾಕೆ ಬಳಸಿದೆ, ಯಾರ ಖರ್ಚಿನಲ್ಲಿ ಬಳಸಿದೆ ಎಂದು ಕೇಳಬಹುದು, ಕೇಳಲೇಬೇಕು. ಒಂದು ಹಕ್ಕಿನ ಸುಖ ಒಬ್ಬನಿಗೆ, ಅದರ ಬೆಲೆ ಪೂರ್ತಿ ಇನ್ನೊಬ್ಬಳಿಗೆ ಎಂದಾದರೆ, ಬೆಲೆ ತೆರುವವಳನ್ನು ಕೇಳದೆ ಆ ಹಕ್ಕನ್ನು ಬಳಸುವುದು ಕಾನೂನಿಗೆ ಸರಿಯಿದ್ದರೂ ನೀತಿಗೆ ಸರಿಯೆನಿಸುವುದೇ?

ದಾಂಪತ್ಯದ ಉದ್ದೇಶವೇನೆಂಬುದನ್ನು ಕುರ್‌ಆನ್ ರೂಮ್ ಅಧ್ಯಾಯದ 21ನೇ ವಚನದಲ್ಲಿ ಹೇಳಿದೆ. ಪರಸ್ಪರರಲ್ಲಿ ನೆಮ್ಮದಿ, ಒಲುಮೆ, ಕರುಣೆ. ಗಮನಿಸಿ, ಮೂರೂ ಮನಸ್ಸಿಗೆ ಸೇರಿದವು. ಅಕ್ಕಿ, ಬಟ್ಟೆಗಳ ಮಾತು ಇಲ್ಲಿಲ್ಲ. ಯಾವ ಸಂಬಂಧದ ಸಾರವೇ ಮನಸ್ಸಿನ ನೆಮ್ಮದಿಯೋ, ಆ ಸಂಬಂಧದಲ್ಲಿ ನ್ಯಾಯವನ್ನು ಅಳೆಯುವಾಗ ಮನಸ್ಸನ್ನೇ ಹೊರಗಿಟ್ಟರೆ ಆ ತಕ್ಕಡಿಗೆ ಏನೆನ್ನಬೇಕು? ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಹಾನಿಯೂ ಕೂಡದು ಎಂಬ ಪ್ರವಾದಿ ವಚನದ ಮೇಲೆ ಫಿಕ್ಹ್‌ನ ಒಂದು ದೊಡ್ಡ ಸೂತ್ರವೇ ನಿಂತಿದೆ. ಆ ಕಾಲಕ್ಕೆ ಹಾನಿಯೆಂದರೆ ಕಣ್ಣಿಗೆ ಕಾಣುವುದನ್ನೇ ಹೆಚ್ಚಾಗಿ ಎಣಿಸಿರಬಹುದು. ಇಂದು ಮನಸ್ಸಿನ ಗಾಯವನ್ನೂ ವೈದ್ಯರು ಗುರುತಿಸಬಲ್ಲರು. ತಿಳಿಯದಿದ್ದಾಗ ಇದ್ದ ವಿನಾಯಿತಿ ತಿಳಿದ ಮೇಲೆ ಇರಲಾರದು.

ಸಹನೆ ಯಾರ ಪಾಲಿಗೆ?

ಇಂತಹ ಹೆಣ್ಣು ಯಾರ ಬಳಿ ಹೋದರೂ ಸಿಗುವ ಮೊದಲ ಉಪದೇಶ ಸಬ್ರ್. ಸಹಿಸು, ಪ್ರತಿಫಲವಿದೆ. ಸಬ್ರ್ ದೊಡ್ಡ ಗುಣವೇ. ಆದರೆ ಅದು ಯಾವಾಗಲೂ ಒಂದೇ ಕಡೆಗೆ ಯಾಕೆ ಹರಿಯುತ್ತದೆ? ಎರಡನೇ ಮದುವೆಗೆ ಹೊರಟ ಗಂಡಸಿಗೆ, 'ನೀನೂ ಸ್ವಲ್ಪ ಸಹಿಸು, ಮಕ್ಕಳಿಲ್ಲದ ಬದುಕೂ ಬದುಕೇ, ಹೆಂಡತಿಯ ಕಾಯಿಲೆ ನಿನ್ನ ಪರೀಕ್ಷೆಯೂ ಹೌದು' ಎಂದು ಹೇಳಿದ ಹಿರಿಯರು ಎಷ್ಟು ಮಂದಿ? ಬಲವಿದ್ದವನಿಗೆ ಅನುಮತಿಯ ಪಾಠ, ಬಲವಿಲ್ಲದವಳಿಗೆ ಸಹನೆಯ ಪಾಠ. ಈ ಹಂಚಿಕೆಯಲ್ಲಿ ಎಲ್ಲಿದೆ ಸಮಾನತೆ?

'ಅವಳು ಒಪ್ಪಿದ್ದಾಳೆ' ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಒಪ್ಪದಿದ್ದರೆ ತಲಾಕ್ ಎಂಬ ಬೆದರಿಕೆ ಹಿಂದೆ ನಿಂತಿರುವಾಗ, ತವರಿನಲ್ಲಿ ಅಣ್ಣನ ಸಂಸಾರಕ್ಕೆ ಹೊರೆಯಾಗುವ ಭಯವಿರುವಾಗ, ಮಕ್ಕಳ ಶಾಲಾ ಶುಲ್ಕ ಗಂಡನ ಕೈಯಲ್ಲಿರುವಾಗ ಬಂದ ಒಪ್ಪಿಗೆ ಎಂತಹ ಒಪ್ಪಿಗೆ? ಬೇಡವೆನ್ನಲು ಶಕ್ತಿಯಿರುವವಳ ಹೌದಿಗೆ ಮಾತ್ರ ಬೆಲೆಯಿದೆ.

ಹೆಣ್ಣಿನ ಮಾತ್ಸರ್ಯವನ್ನು ನಮ್ಮ ಸಿನಿಮಾಗಳು ನಗುವಿನ ವಸ್ತು ಮಾಡಿವೆ, ಉಪದೇಶಕರು ಪಾಪವೆಂದಿದ್ದಾರೆ. ಪ್ರವಾದಿ(ಸ)ಯವರ ಮನೆಯ ಒಂದು ಘಟನೆ ಬುಖಾರಿಯಲ್ಲಿದೆ. ಅತಿಥಿಗಳಿದ್ದಾಗ ಒಬ್ಬ ಪತ್ನಿಯ ಮನೆಗೆ ಇನ್ನೊಬ್ಬ ಪತ್ನಿ ಊಟದ ಬಟ್ಟಲು ಕಳುಹಿಸಿದರು. ಮನೆಯಾಕೆ ಮಾತ್ಸರ್ಯದಿಂದ ತಂದವನ ಕೈಗೆ ಹೊಡೆದು ಬಟ್ಟಲು ಒಡೆದುಬಿಟ್ಟರು. ಪ್ರವಾದಿ(ಸ)ಯವರು ಗದರಲಿಲ್ಲ. ಒಡೆದ ಚೂರುಗಳನ್ನು ತಾವೇ ಆಯ್ದರು, ಚೆಲ್ಲಿದ ಊಟವನ್ನು ಕೂಡಿಸಿದರು, ನಿಮ್ಮ ತಾಯಿಗೆ ಮಾತ್ಸರ್ಯ ಬಂದಿದೆ ಎಂದು ಅತಿಥಿಗಳಿಗೆ ಹೇಳಿದರು, ಒಡೆದ ಬಟ್ಟಲಿನ ಬದಲು ಇಡೀ ಬಟ್ಟಲನ್ನು ಕೊಡಿಸಿದರು. ನಷ್ಟಕ್ಕೆ ಪರಿಹಾರವೂ ಆಯಿತು, ನೋವಿಗೆ ಗೌರವವೂ ಸಿಕ್ಕಿತು. ಪ್ರವಾದಿಯ ಮನೆಯಲ್ಲೇ, ವಿಶ್ವಾಸಿಗಳ ಮಾತೆಯ ಹೃದಯದಲ್ಲೇ ಈ ಕಿಚ್ಚು ಎದ್ದಿತ್ತು ಎಂದ ಮೇಲೆ, ಸಾಮಾನ್ಯ ಹೆಣ್ಣಿಗೆ ಅದು ಬಾರದಿರಲಿ ಎನ್ನಲು ನಾವು ಯಾರು? ಚೂರುಗಳನ್ನು ಆಯುವ ಗಂಡಂದಿರು ನಮ್ಮಲ್ಲಿ ಎಷ್ಟಿದ್ದಾರೆ?

ಇನ್ನೊಂದು ಘಟನೆಯೂ ಪ್ರಸಿದ್ಧ. ಹಝ್ರತ್ ಅಲಿ(ರ) ಅವರಿಗೆ ಅಬೂ ಜಹಲ್‌ನ ಮಗಳನ್ನು ಕೊಡುವ ಪ್ರಸ್ತಾಪ ಬಂದಾಗ ಪ್ರವಾದಿ(ಸ)ಯವರು ಅದಕ್ಕೆ ಸಮ್ಮತಿಸಲಿಲ್ಲ. ಫಾತಿಮಾ ನನ್ನದೇ ಅಂಶ, ಆಕೆಗೆ ನೋವಾಗುವುದು ನನಗೂ ನೋವು ಎಂಬರ್ಥದಲ್ಲಿ ಬಹಿರಂಗವಾಗಿಯೇ ಹೇಳಿದರು. ಹಲಾಲನ್ನು ಹರಾಮ್ ಮಾಡುತ್ತಿಲ್ಲವೆಂದೂ ಸ್ಪಷ್ಟಪಡಿಸಿದರು. ಇದು ಪ್ರವಾದಿಪುತ್ರಿಯ ವಿಶೇಷ ಸಂದರ್ಭವೆಂದು ವಿದ್ವಾಂಸರು ವಿವರಿಸುತ್ತಾರೆ, ನಾವು ಅದನ್ನು ತಳ್ಳಿಹಾಕುವುದಿಲ್ಲ. ಆದರೂ ಒಬ್ಬ ತಂದೆಯ ಕಾಳಜಿಯಲ್ಲಿ ಮಗಳ ಮನಸ್ಸಿನ ನೋವು ಎಷ್ಟು ತೂಗಿತು ಎಂಬುದು ಯಾವ ವಿವರಣೆಯಿಂದಲೂ ಮರೆಯಾಗುವುದಿಲ್ಲ. ಅಳಿಯನ ಎರಡನೇ ಮದುವೆಯ ಸುದ್ದಿ ಕೇಳಿದಾಗ ನಾವೆಲ್ಲರೂ ಇಂತಹ ತಂದೆಯರೇ ಆಗುತ್ತೇವೆ. ನಮ್ಮ ಎರಡನೇ ಮದುವೆಯ ಮಾತು ಬಂದಾಗ ಮಾತ್ರ ಹೆಂಡತಿಗೂ ಒಬ್ಬ ತಂದೆ ಇದ್ದಾನೆಂಬುದು ಮರೆತುಹೋಗುತ್ತದೆ.

ಎರಡನೆಯವಳ ಕಥೆ

ಮೊದಲ ಹೆಂಡತಿಯ ದುಃಖ ಹೇಳುವಾಗ ಎರಡನೆಯವಳನ್ನು ಖಳನಾಯಕಿ ಮಾಡುವುದು ಸುಲಭ. ಅದು ಸರಿಯಲ್ಲ. ಬಹಳ ಸಲ ಅವಳು ಬಡಮನೆಯ ಹುಡುಗಿ, ವಿಧವೆ, ಅಥವಾ ತಲಾಕ್ ಆದವಳು. ವರದಕ್ಷಿಣೆ ಕೊಡಲಾಗದ ತಂದೆ ಹುಡುಕಿದ 'ಸಂಬಂಧ'. ಕೆಲವೊಮ್ಮೆ ಮೊದಲ ಮದುವೆಯ ವಿಷಯ ಅವಳಿಗೆ ತಿಳಿಯುವುದೇ ನಿಕಾಹ್ ಮುಗಿದ ಮೇಲೆ. ಗುಟ್ಟಿನ ಮದುವೆಯಾದರೆ ಬೀದಿಯಲ್ಲಿ ಗಂಡನ ಜೊತೆ ನಡೆಯಲೂ ಆಗದು, ಮಗುವಿನ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೂ ಹಿಂಜರಿಕೆ. ಗಂಡ ತೀರಿಹೋದ ದಿನ ಆ ಮನೆಯ ಅಂಗಳಕ್ಕೆ ಕಾಲಿಡಲೂ ಬಿಡದ ಪ್ರಸಂಗಗಳುಂಟು. ವಿಧವೆಗೆ ಆಸರೆಯೆಂಬ ಹೆಸರಿನಲ್ಲಿ ನಡೆದ ಮದುವೆ ಅವಳನ್ನು ಇನ್ನೊಂದು ನಿರಾಶ್ರಿತತನಕ್ಕೆ ತಳ್ಳುತ್ತದೆ. ವಿಧವೆಗೆ ಆಸರೆ ಕೊಡಬೇಕೆಂಬ ಕಾಳಜಿ ನಿಜವಾಗಿದ್ದರೆ ಮದುವೆಯಾಗದೆಯೂ ಕೊಡಬಹುದು. ಆಕೆಗೊಂದು ಹೊಲಿಗೆ ಯಂತ್ರ, ಮಕ್ಕಳಿಗೊಂದು ವಿದ್ಯಾರ್ಥಿವೇತನ, ಝಕಾತ್‌ನಿಂದ ಒಂದು ಮನೆ. ಆಸರೆ ಎಂದಾಗಲೆಲ್ಲ ಗಂಡಸಿಗೆ ಎಳೆಯ ವಯಸ್ಸಿನ ವಿಧವೆಯೇ ನೆನಪಾಗುವುದು ಯಾಕೆಂದು ಅವನೇ ಕೇಳಿಕೊಳ್ಳಲಿ.

ಸೆನೆಗಲ್‌ನ ಲೇಖಕಿ ಮರಿಯಾಮಾ ಬಾ 1979ರಲ್ಲಿ ಪ್ರಕಟಿಸಿದ ಪತ್ರರೂಪದ ಕಾದಂಬರಿಯಲ್ಲಿ ಇಬ್ಬರು ಗೆಳತಿಯರಿದ್ದಾರೆ. ಇಬ್ಬರ ಗಂಡಂದಿರೂ ಎರಡನೇ ಮದುವೆಯಾಗುತ್ತಾರೆ. ಒಬ್ಬಳು ಗಂಡನನ್ನು ಬಿಟ್ಟು ಹೊರಡುತ್ತಾಳೆ, ಇನ್ನೊಬ್ಬಳು ಅಲ್ಲಿಯೇ ಉಳಿಯುತ್ತಾಳೆ. ಉಳಿದವಳ ಸವತಿ ಬೇರಾರೂ ಅಲ್ಲ, ಸ್ವಂತ ಮಗಳ ಸಹಪಾಠಿ. ಆ ಎಳೆಯ ಹುಡುಗಿಯೂ ಬಡತನದ ಬಲಿಪಶುವೇ ಎಂಬುದನ್ನು ಲೇಖಕಿ ಮರೆಮಾಚುವುದಿಲ್ಲ. ಬಾ ಸ್ವತಃ ಮುಸ್ಲಿಮ್ ಮಹಿಳೆ. ನಮ್ಮ ಕನ್ನಡದಲ್ಲೇ ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರು ದಶಕಗಳ ಹಿಂದೆಯೇ ಮುಸ್ಲಿಮ್ ಹೆಣ್ಣಿನ ಒಳಮನೆಯ ಅಳುವನ್ನು ಬರೆದರು, ಅದಕ್ಕಾಗಿ ನಮ್ಮವರಿಂದಲೇ ಬೈಸಿಕೊಂಡರು. ಬಾನು ಅವರ 'ಕರಿನಾಗರಗಳು' ಕಥೆಯಲ್ಲಿ ಗಂಡ ಕೈಬಿಟ್ಟ ಹೆಣ್ಣು ಮಸೀದಿಯ ಮುತವಲ್ಲಿಯ ಮುಂದೆ ನ್ಯಾಯಕ್ಕಾಗಿ ಕಾಯುವುದನ್ನು ಓದಿದವರು ಮರೆಯಲಾರರು. 2025ರಲ್ಲಿ ಬಾನು ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಣ್ಣುಮಕ್ಕಳು ಕಾಯುತ್ತಿರುವ ಬಾಗಿಲುಗಳು ತೆರೆದವೇ ಎಂದು ಕೇಳಿಕೊಂಡೆವೇ?

ಕಾನೂನು ಎಲ್ಲಿಯವರೆಗೆ?

ಕಾನೂನಿನಿಂದಲೇ ಎಲ್ಲ ಸರಿಯಾಗುತ್ತದೆಂದು ನಾವು ನಂಬುವುದಿಲ್ಲ. ಇಸ್ರೇಲಿನಲ್ಲಿ ಬಹುಪತ್ನಿತ್ವ ಅಪರಾಧ. ಆದರೂ ನೆಗೆವ್‌ನಲ್ಲಿ ಅದು ನಡೆದೇ ಇದೆ. ಕಾಗದದ ಮೇಲೆ ಇಲ್ಲದ ಹೆಂಡತಿ ಇನ್ನಷ್ಟು ಅನಾಥೆಯಾಗುತ್ತಾಳೆ. ಉತ್ತರಾಖಂಡದಲ್ಲಿ 2025ರ ಜನವರಿಯಲ್ಲಿ ಜಾರಿಗೆ ಬಂದ ಸಮಾನ ನಾಗರಿಕ ಸಂಹಿತೆ ಬಹುಪತ್ನಿತ್ವವನ್ನು ನಿಷೇಧಿಸಿತು, ಆದರೆ ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿತು. ಪ್ರಮಾಣ ಎಲ್ಲಿ ಹೆಚ್ಚಿದೆಯೋ ಆ ಹೆಣ್ಣುಮಕ್ಕಳನ್ನೇ ಬಿಟ್ಟ ಕಾಯ್ದೆಯ ಉದ್ದೇಶ ಹೆಣ್ಣಿನ ಕ್ಷೇಮವೊಂದೇ ಎಂದು ನಂಬುವುದು ಕಷ್ಟ.

ಆದರೆ ಇರುವ ಕಾನೂನನ್ನು ನಮ್ಮ ಹೆಣ್ಣುಮಕ್ಕಳಿಗೆ ನಾವು ತಿಳಿಸಿದ್ದೇವೆಯೇ? 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯ ಪ್ರಕಾರ, ಒಬ್ಬರಿಗಿಂತ ಹೆಚ್ಚು ಹೆಂಡಿರಿದ್ದು ಕುರ್‌ಆನ್‌ನ ಆಜ್ಞೆಯಂತೆ ಸಮನಾಗಿ ನಡೆಸಿಕೊಳ್ಳದ ಗಂಡನಿಂದ ಹೆಂಡತಿ ಬಿಡುಗಡೆ ಪಡೆಯಬಹುದು. ಈ ಕಾಯ್ದೆ ಯಾರೋ ಹೇರಿದ್ದಲ್ಲ. ಮೌಲಾನಾ ಅಶ್ರಫ್ ಅಲಿ ಥಾನವಿಯಂತಹ ಹನಫಿ ವಿದ್ವಾಂಸರೇ ಹೆಣ್ಣಿನ ಸಂಕಟ ಕಂಡು ಮಾಲಿಕಿ ಪಂಥದ ನಿಯಮಗಳನ್ನು ಎರವಲು ಪಡೆಯಲು ದಾರಿ ಮಾಡಿಕೊಟ್ಟರು. 1960ರಲ್ಲಿ ಅಲಹಾಬಾದ್ ಹೈಕೋರ್ಟ್, ಎರಡನೇ ಮದುವೆಯಾದ ಗಂಡ ಮೊದಲ ಹೆಂಡತಿಯನ್ನು ಜೊತೆಗೆ ಬಾಳಲು ಬಲವಂತಪಡಿಸಲಾಗದು, ಅದು ಆಕೆಗೆ ಕ್ರೌರ್ಯವಾಗುತ್ತದೆ ಎಂಬ ನಿಲುವು ತಳೆಯಿತು. 2020ರಲ್ಲಿ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠವೂ, ಮುಸ್ಲಿಮ್ ಗಂಡಸಿನ ಎರಡನೇ ಮದುವೆ ಕಾನೂನುಬದ್ಧವಾಗಿದ್ದರೂ ಅನೇಕ ಸಲ ಅದು ಮೊದಲ ಹೆಂಡತಿಗೆ ಅಪಾರ ಕ್ರೌರ್ಯವಾಗುತ್ತದೆಂದು ಹೇಳಿ ಆಕೆಯ ವಿಚ್ಛೇದನೆಯನ್ನು ಎತ್ತಿಹಿಡಿಯಿತು. ಮನಸ್ಸಿನ ಪೆಟ್ಟನ್ನು ನ್ಯಾಯಾಧೀಶರು ತಕ್ಕಡಿಯಲ್ಲಿಟ್ಟರು. ಈ ಕೆಲಸ ಮೊದಲು ನಮ್ಮ ಜಮಾಅತ್‌ಗಳಲ್ಲಿ ನಡೆಯಬೇಕಿತ್ತು.

ದಾರಿ ನಮ್ಮ ಪರಂಪರೆಯೊಳಗೇ ಇದೆ. ಟ್ಯುನೀಷಿಯಾದ ಕೈರವಾನ್ ನಗರದಲ್ಲಿ ಹಿಂದೆ ನಿಕಾಹ್ ಕರಾರಿನಲ್ಲೇ 'ಇನ್ನೊಬ್ಬಳನ್ನು ಮದುವೆಯಾಗುವುದಿಲ್ಲ, ಆದರೆ ಬಿಡುಗಡೆಯ ಹಕ್ಕು ಹೆಂಡತಿಗೆ' ಎಂಬರ್ಥದ ಷರತ್ತು ಬರೆಸುವ ರೂಢಿಯಿತ್ತು. ಹಂಬಲಿ ಪಂಥ ಇಂತಹ ಷರತ್ತನ್ನು ಮಾನ್ಯ ಮಾಡುತ್ತದೆ. ಹನಫಿಗಳಲ್ಲಿ ತಲಾಕ್‌ನ ಅಧಿಕಾರವನ್ನು ಹೆಂಡತಿಗೆ ವಹಿಸಿಕೊಡುವ ತಫ್ವೀಝ್ ಇದೆ. ನಮ್ಮ ಮದುವೆಗಳಲ್ಲಿ ಬಿರಿಯಾನಿಯ ಚೆಂಬು ಎಷ್ಟು, ಚಿನ್ನ ಎಷ್ಟು ಪವನು ಎಂದು ವಾರಗಟ್ಟಲೆ ಮಾತಾಗುತ್ತದೆ. ನಿಕಾಹ್‌ನಾಮೆಯಲ್ಲಿ ಏನು ಬರೆದಿದೆಯೆಂದು ಹುಡುಗಿಯ ಕಡೆಯವರು ಓದುವುದೇ ಇಲ್ಲ. ಮಗಳಿಗೆ ಹಾಕುವ ಹತ್ತು ಪವನಿಗಿಂತ ಆ ಒಂದು ಸಾಲು ಹೆಚ್ಚು ಕಾಲ ಬಾಳುತ್ತದೆ.

ಗಾಯಗೊಂಡವಳಿಗೆ ಚಿಕಿತ್ಸೆಯೂ ಬೇಕು. ಖಿನ್ನತೆ ಈಮಾನ್‌ನ ಕೊರತೆಯಲ್ಲ, ಜಿನ್ನಿನ ಕಾಟವೂ ಅಲ್ಲ, ಅದೊಂದು ಕಾಯಿಲೆ. ಪ್ರಾರ್ಥನೆಯೂ ಔಷಧಿಯೂ ಒಂದಕ್ಕೊಂದು ಶತ್ರುಗಳಲ್ಲ. 2022ರಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹೆಸರು ಬಯಲಾಗುವ ಭಯವಿಲ್ಲ. ಮಸೀದಿಯ ಫಲಕದಲ್ಲಿ ಜನಾಝಾ ನಮಾಝಿನ ಸಮಯದ ಪಕ್ಕದಲ್ಲಿ ಈ ಸಂಖ್ಯೆಗೂ ಒಂದಿಷ್ಟು ಜಾಗವಿರಲಿ. ಜಮಾಅತ್‌ನ ಪಂಚಾಯಿತಿಯಲ್ಲಿ ಕುಟುಂಬದ ವಿಷಯ ಬಂದಾಗ ಕೇಳಿಸಿಕೊಳ್ಳಲು ಇಬ್ಬರು ಹೆಂಗಸರೂ ಇರಲಿ. ಎರಡನೇ ನಿಕಾಹ್ ಓದಿಸಲು ಬಂದವನನ್ನು ಖಾಝಿಯವರು, 'ಮೊದಲನೆಯಾಕೆಯ ಜೊತೆ ನಾನೊಮ್ಮೆ ಮಾತನಾಡಬೇಕು' ಎಂದು ಕೇಳಲಿ. ಶರೀಅತ್ ಇದಾವುದನ್ನೂ ತಡೆದಿಲ್ಲ.

ಇಬ್ಬರು ಪತ್ನಿಯರಿದ್ದು ಒಬ್ಬಳ ಕಡೆಗೇ ವಾಲಿದವನು ಅಂತಿಮ ದಿನ ದೇಹದ ಒಂದು ಪಾರ್ಶ್ವ ಜೋತುಬಿದ್ದು ಬರುತ್ತಾನೆಂಬ ಎಚ್ಚರಿಕೆ ಹದೀಸ್‌ನಲ್ಲಿದೆ. ಆ ದಿನದ ತೀರ್ಪು ಅಲ್ಲಾಹನದು. ಆದರೆ ಒಂದು ಪಾರ್ಶ್ವ ಜೋತುಬಿದ್ದ ಹೆಣ್ಣುಗಳು ಇಂದೇ ನಮ್ಮ ಕಣ್ಣೆದುರಿದ್ದಾರೆ. ಸಾಲುಗಟ್ಟಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕುಳಿತಿದ್ದಾರೆ, ಕೈಯಲ್ಲಿ ಎಲ್ಲವೂ ಸರಿಯಾಗಿದೆಯೆಂದು ಹೇಳುವ ವರದಿಗಳನ್ನು ಹಿಡಿದು.

ನಮ್ಮ ಪರಿಚಯದ ಆ ಮಹಿಳೆ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಸ್ವಲ್ಪ ಸುಧಾರಿಸಿದ್ದಾರೆ. ಗಂಡನನ್ನು ಬಿಡಲಿಲ್ಲ, ಬಿಡುವ ಯೋಚನೆಯೂ ಇಲ್ಲವೆನ್ನುತ್ತಾರೆ. ಅದು ಅವರ ತೀರ್ಮಾನ. ಕಳೆದ ಬಾರಿ ಭೇಟಿಯಾದಾಗ ಹಿರಿಮಗಳ ನಿಕಾಹ್ ನಿಶ್ಚಯವಾಗಿತ್ತು. ವರನ ಕಡೆಯವರ ಮುಂದೆ ಒಂದು ಮಾತಿಡಬೇಕೆಂದಿದ್ದೇನೆ ಎಂದರು. ಚಿನ್ನದ ಬಗ್ಗೆಯೇ ಎಂದು ಕೇಳಿದೆವು. "ಅಲ್ಲ, ಕಾಗದದಲ್ಲಿ ಒಂದು ಸಾಲು ಬರೆಸಬೇಕು" ಎಂದರು.